ಟೆಡ್ಡಿ ವಿಲ್ಸನ್ ಅವರ ಎಡಗೈಯಿಂದ ಸೋಲೊ ಜಾಝ್ ಪಿಯಾನೊ ಕಲಿಯುವುದು: ಸಮಗ್ರ ಮಾರ್ಗದರ್ಶಿ

ಜಾಝ್ ಪಿಯಾನೊ ಕಲಿಯುವವರಲ್ಲಿ ಹೆಚ್ಚಿನವರು ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕಾರ್ಡ್‌ಗಳು ಗೊತ್ತು, ಸ್ಕೇಲ್‌ಗಳು ಗೊತ್ತು. ಬೇಸ್, ಡ್ರಮ್ಸ್ ಇರುವ ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡರೆ ಚೆನ್ನಾಗೇ ನುಡಿಸುತ್ತಾರೆ. ಟ್ರ್ಯಾಕ್ ನಿಲ್ಲಿಸಿದ ಕೂಡಲೇ ಎಲ್ಲವೂ ಬಡಕಲಾಗಿ ಕೇಳಿಸುತ್ತದೆ. ಬಲಗೈ ಒಂದೇ ಓಡುತ್ತಿರುತ್ತದೆ, ಎಡಗೈ ಆಗಾಗ ಒಂದು ಕಾರ್ಡ್ ಒತ್ತಿ ಸುಮ್ನೆ ಕೂತಿರುತ್ತದೆ.

ಒಬ್ಬರೇ ನುಡಿಸುವಾಗ ಬೇಸ್, ಅಂದರೆ ಕೆಳಗಿನ ಸ್ವರಗಳ ಸಾಲು, ನಡೆಯಬೇಕು, ಕಾರ್ಡ್‌ನ ಬಣ್ಣ ಕೇಳಿಸಬೇಕು, ಹಾಡಿನ ಧಾಟಿ ಎಲ್ಲಕ್ಕಿಂತ ಮೇಲೆ ನಿಲ್ಲಬೇಕು. ಲಯದ ಹೊರೆಯೂ ನಿಮ್ಮದೇ. ಇರುವುದು ಎರಡೇ ಕೈ. ಈ ಲೆಕ್ಕವನ್ನು ಆಗಲೇ ಬಿಡಿಸಿರುವ ಒಬ್ಬ ವಾದಕರನ್ನು ಹಿಡಿದುಕೊಂಡು, ಯಾವ ಜಾಗದಲ್ಲಿ ಏನನ್ನು ಆಯ್ದುಕೊಂಡರು, ಏನನ್ನು ಬಿಟ್ಟರು ಎಂದು ನೋಡುತ್ತಾ ಹೋಗುವುದು ನನಗೆ ತಿಳಿದ ಮಟ್ಟಿಗೆ ಅತ್ಯಂತ ನೇರವಾದ ದಾರಿ. ಸ್ವರಗಳನ್ನು ನಕಲು ಮಾಡುವುದು ಅದರಲ್ಲಿ ಅರ್ಧ ಕೆಲಸ. ಆ ಸ್ವರಗಳ ಹಿಂದಿನ ತೀರ್ಮಾನವನ್ನು ಹೊರಗೆ ತೆಗೆಯುವುದು ಉಳಿದರ್ಧ, ಮತ್ತು ಜಾಸ್ತಿ ಫಲ ಕೊಡುವುದು ಅದೇ.

ನಿಮಗೆ ಮೇಜರ್ ಸ್ಕೇಲ್‌ಗಳು, ಸೆವೆಂತ್ ಕಾರ್ಡ್‌ಗಳು ಗೊತ್ತಿವೆ, ಧಾಟಿ ಮತ್ತು ಕಾರ್ಡ್ ಹೆಸರು ಮಾತ್ರ ಇರುವ ಲೀಡ್ ಶೀಟ್ ನೋಡಿ ನಿಧಾನವಾಗಿಯಾದರೂ ನುಡಿಸಬಲ್ಲಿರಿ ಎಂದುಕೊಂಡು ಮುಂದಿನದನ್ನು ಬರೆಯುತ್ತಿದ್ದೇನೆ.

ವಿಲ್ಸನ್ ಅವರೇ ಯಾಕೆ

ಜಾಝ್ ಪಿಯಾನೊ ವಾದಕ ಟೆಡ್ಡಿ ವಿಲ್ಸನ್ ಹುಟ್ಟಿದ್ದು 1912ರಲ್ಲಿ, ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ತೀರಿಕೊಂಡಿದ್ದು 1986ರಲ್ಲಿ. 1935ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಮತ್ತು ಡ್ರಮ್ಮರ್ ಜೀನ್ ಕ್ರೂಪಾ ಜೊತೆ ಟ್ರಯೊ, ಅಂದರೆ ಮೂವರ ತಂಡವಾಗಿ ರೆಕಾರ್ಡ್ ಮಾಡಿದರು. ವಿಲ್ಸನ್ ಕರಿಯರು, ಉಳಿದಿಬ್ಬರು ಬಿಳಿಯರು. ಕರಿಯರು, ಬಿಳಿಯರು ಒಂದೇ ವೇದಿಕೆಯಲ್ಲಿ ನುಡಿಸುವುದು ಅಪರೂಪವಾಗಿದ್ದ ಕಾಲ ಅದು, ಹಾಗಾಗಿ ಆ ಟ್ರಯೊ ಹೆಸರು ಇತಿಹಾಸದಲ್ಲಿ ಉಳಿಯಿತು. ನಮ್ಮ ಕೆಲಸಕ್ಕೆ ಬೇಕಾದ ಸಂಗತಿ ಇನ್ನೊಂದು: ಆ ಟ್ರಯೊದಲ್ಲಿ ಬೇಸ್ ವಾದಕರೇ ಇರಲಿಲ್ಲ. 1936ರಲ್ಲಿ ವೈಬ್ರಫೋನ್ ನುಡಿಸುವ ಲಯೊನೆಲ್ ಹ್ಯಾಂಪ್ಟನ್ ಸೇರಿ ನಾಲ್ವರಾದಾಗಲೂ ಬೇಸ್ ಬರಲಿಲ್ಲ. ಬೇಸ್‌ನ ಕೆಲಸ ಪೂರ್ತಿ ವಿಲ್ಸನ್ ಅವರ ಎಡಗೈ ಮೇಲೆ ಬಿತ್ತು. ಸೋಲೊ ನುಡಿಸುವವರಿಗೆ ಬೇಕಾಗಿರುವುದೂ ಅಂಥದ್ದೇ ಎಡಗೈ, ಅಲ್ವಾ?

ಇನ್ನೊಂದು ಕಾರಣ, ಅವರ ನುಡಿಸಾಣಿಕೆ ತುಂಬಾ ಸ್ವಚ್ಛ. ಪೆಡಲ್‌ನಲ್ಲಿ ಮುಳುಗಿ ಹೋಗುವುದಿಲ್ಲ. ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕಿವಿಗೆ ಸಿಗುತ್ತದೆ. ಜಾಝ್ ಪಿಯಾನೊದಲ್ಲಿ ಆರ್ಟ್ ಟೇಟಮ್ ದೊಡ್ಡ ಹೆಸರು, ನಿಜ. ಆದರೆ ಮೊದಲ ಗುರುವಾಗಿ ಟೇಟಮ್ ಅವರನ್ನು ಹಿಡಿದವರು ಎರಡೇ ಬಾರ್‌ಗೆ (ಇಲ್ಲಿ ನಾಲ್ಕು ಬೀಟ್ ಸೇರಿದರೆ ಒಂದು ಬಾರ್) ಕೈಚೆಲ್ಲುತ್ತಾರೆ. ವಿಲ್ಸನ್ ಅವರೂ ಟೇಟಮ್, ಅರ್ಲ್ ಹೈನ್ಸ್, ಫ್ಯಾಟ್ಸ್ ವಾಲರ್ ಈ ಪಿಯಾನೊ ವಾದಕರನ್ನೆಲ್ಲ ಕೇಳಿ ಬೆಳೆದವರೇ. ಅವರೆಲ್ಲರ ಸಾರ ಇವರಲ್ಲಿ ಇನ್ನೊಂದಿಷ್ಟು ಸರಳವಾಗಿ ಸಿಗುತ್ತದೆ.

ಹಂತ 1: ಒಂದೇ ರೆಕಾರ್ಡಿಂಗ್, ಎಂಟೇ ಬಾರ್

ಹತ್ತು ಟ್ರ್ಯಾಕ್‌ಗಳ ಪಟ್ಟಿ ಮಾಡಬೇಡಿ. ಒಂದು ಸೋಲೊ ರೆಕಾರ್ಡಿಂಗ್ ಸಾಕು. 1937ರಲ್ಲಿ ವಿಲ್ಸನ್ ಒಬ್ಬರೇ ನುಡಿಸಿ ರೆಕಾರ್ಡ್ ಮಾಡಿದ 'ಡೋಂಟ್ ಬ್ಲೇಮ್ ಮಿ' ಒಳ್ಳೆಯ ಆರಂಭ. ಹಾಡು 32 ಬಾರ್‌ನದು, ಎಂಟೆಂಟು ಬಾರ್‌ಗಳ ನಾಲ್ಕು ತುಂಡು: ಮೊದಲ ಧಾಟಿ, ಅದೇ ಮತ್ತೊಮ್ಮೆ, ನಡುವೆ ಬೇರೆ ಧಾಟಿಯ ಬ್ರಿಜ್, ಕೊನೆಗೆ ಮತ್ತೆ ಮೊದಲನೆಯದು. ನಿಮಗೆ ಬೇರೆ ಟ್ರ್ಯಾಕ್ ಇಷ್ಟವಾದರೆ ಅದನ್ನೇ ಹಿಡಿಯಿರಿ. ಆದರೆ ಮೂಲ ಧಾಟಿ ನಿಮಗೆ ಮೊದಲೇ ಬಾಯಿಗೆ ಬರುವಂಥದ್ದಾಗಿರಲಿ. ಧಾಟಿ ಗೊತ್ತಿಲ್ಲದಿದ್ದರೆ ವಾದಕರು ಅದನ್ನು ಎಲ್ಲಿ ಬದಲಿಸಿದರು ಅನ್ನುವುದೇ ತಿಳಿಯುವುದಿಲ್ಲ.

ಆ ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷ. ಅಷ್ಟರಲ್ಲೇ ಎಲ್ಲವನ್ನೂ ಹೇಳಿ ಮುಗಿಸಬೇಕಿತ್ತು. ನಮಗೆ ಇದು ಅನುಕೂಲವೇ, ಇಡೀ ಜೋಡಣೆಯನ್ನು ತಲೆಯಲ್ಲಿ ಇಟ್ಟುಕೊಳ್ಳಬಹುದು. ಒಂದು ತೊಂದರೆಯೂ ಇದೆ: ಹಳೆಯ ತಟ್ಟೆಗಳನ್ನು ಡಿಜಿಟಲ್‌ಗೆ ತರುವಾಗ ವೇಗ ಸ್ವಲ್ಪ ಹೆಚ್ಚುಕಡಿಮೆ ಆಗಿ, ಶ್ರುತಿ ಎರಡು ಕೀಗಳ ನಡುವೆ ಬಿದ್ದಿರಬಹುದು. ನಿಮ್ಮ ಪಿಯಾನೊ ಜೊತೆ ಹೊಂದದಿದ್ದರೆ ನಿಮ್ಮ ಕಿವಿಯನ್ನು ಬೈದುಕೊಳ್ಳಬೇಡಿ. ವೇಗ ಮತ್ತು ಶ್ರುತಿಯನ್ನು ಬೇರೆ ಬೇರೆಯಾಗಿ ಬದಲಿಸುವ ಯಾವುದಾದರೂ ಸಾಫ್ಟ್‌ವೇರ್‌ನಲ್ಲಿ ಮೊದಲು ಶ್ರುತಿ ಸರಿಮಾಡಿಕೊಳ್ಳಿ. ಆಮೇಲೆ ಮೊದಲ ಎಂಟು ಬಾರ್ ಕತ್ತರಿಸಿ ಲೂಪ್ ಹಾಕಿ.

ಈ ಹಂತದಲ್ಲಿ ಬರೆದಿಟ್ಟ ನೊಟೇಷನ್ ಹುಡುಕಲು ಹೋಗಬೇಡಿ. ಕೀಗಳ ಮೇಲೆ ಬಣ್ಣದ ಪಟ್ಟಿ ಬೀಳುವ ವಿಡಿಯೊಗಳಂತೂ ಬೇಡವೇ ಬೇಡ. ಬೆರಳು ಎಲ್ಲಿಡಬೇಕು ಅನ್ನುವುದು ಅದರಲ್ಲಿ ಸಿಗುತ್ತದೆ, ಕಿವಿಗೆ ಮಾತ್ರ ಕೆಲಸವೇ ಇರುವುದಿಲ್ಲ. ನೊಟೇಷನ್ ಬೇಕಾಗುವುದು ಕೊನೆಯಲ್ಲಿ, ನೀವು ಬರೆದುಕೊಂಡದ್ದನ್ನು ತಾಳೆ ನೋಡಲು.

ಹಂತ 2: ಹಾಡಿ

ಪಿಯಾನೊ ಮುಚ್ಚಿಡಿ. ಆ ಎಂಟು ಬಾರ್‌ನ ಬಲಗೈಯನ್ನು ರೆಕಾರ್ಡಿಂಗ್ ಜೊತೆ ಹಾಡಿ. ಸ್ವರ ಅಷ್ಟೇ ಸಾಲದು, ಎಲ್ಲಿ ಒತ್ತು ಬೀಳುತ್ತದೆ, ಎಲ್ಲಿ ಉಸಿರು ತೆಗೆಯುತ್ತಾರೆ ಅದೂ ಬರಬೇಕು. ನಂತರ ಬೇಸ್ ಹಾಡಿ. ಇದು ಕಷ್ಟ. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಕೆಳಗಿನ ಸ್ವರ ಮಂಕಾಗಿರುತ್ತದೆ. ಇಡೀ ಎಂಟು ಬಾರ್ ಒಂದು ಆಕ್ಟೇವ್ ಮೇಲಕ್ಕೆ ಎತ್ತಿ ಕೇಳಿದರೆ ಬೇಸ್ ಸಾಲು ಮೇಲೆದ್ದು ಬರುತ್ತದೆ. ರೆಕಾರ್ಡಿಂಗ್ ನಿಲ್ಲಿಸಿದ ಮೇಲೂ ಎರಡನ್ನೂ ಹಾಡಲು ಬಂದರೆ ಪಿಯಾನೊ ತೆರೆಯಿರಿ.

ಹಂತ 3: ಎಡಗೈ ಬಿಡಿಸುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡಿ. ಬಲಗೈ ಎಷ್ಟೇ ಮುದ್ದಾಗಿ ಕೇಳಿಸಿದರೂ ಅದರ ಕಡೆ ಸದ್ಯ ಹೋಗಬೇಡಿ.

ವಿಲ್ಸನ್ ಅವರ ಎಡಗೈಯಲ್ಲಿ ಮುಖ್ಯವಾಗಿ ಎರಡು ಬಗೆ ಕೇಳಿಸುತ್ತವೆ. ಒಂದು ಸ್ಟ್ರೈಡ್: 1 ಮತ್ತು 3ನೇ ಬೀಟ್‌ಗೆ ಕೆಳಗೆ ಬೇಸ್, 2 ಮತ್ತು 4ನೇ ಬೀಟ್‌ಗೆ ಕೈ ಹಾರಿ ಮಧ್ಯ ಸಿ ಸುತ್ತಮುತ್ತ ಕಾರ್ಡ್. ಇನ್ನೊಂದು ಟೆನ್ತ್‌ಗಳು. ಸಿಯಿಂದ ಎಣಿಸಿದರೆ ಹತ್ತನೇ ಬಿಳಿ ಕೀ ಮುಂದಿನ ಆಕ್ಟೇವ್‌ನ ಇ. ಕಿರುಬೆರಳಲ್ಲಿ ಸಿ, ಹೆಬ್ಬೆರಳಲ್ಲಿ ಆ ಇ ಹಿಡಿದರೆ ಒಂದು ಟೆನ್ತ್. ಹೀಗೆ ಜೋಡಿಜೋಡಿಯಾಗಿ ಮೆಟ್ಟಿಲು ಹತ್ತಿದರೆ ನಡೆಯುವ ಟೆನ್ತ್‌ಗಳು.

ಸಿ ಮತ್ತು ಪಕ್ಕದ ಇ ಹಿಡಿದರೂ ಸ್ವರಗಳ ಹೆಸರು ಅವೇ. ಆದರೆ ಪಿಯಾನೊದ ಕೆಳಭಾಗದಲ್ಲಿ ಅಷ್ಟು ಹತ್ತಿರದ ಸ್ವರಗಳು ಒಂದಕ್ಕೊಂದು ಉಜ್ಜಿ ಗೊಜ್ಜಾಗಿ ಕೇಳಿಸುತ್ತವೆ. ನಡುವೆ ಒಂದು ಆಕ್ಟೇವ್ ಜಾಗ ಬಿಟ್ಟ ಕೂಡಲೇ ಎರಡೂ ತಿಳಿಯಾಗುತ್ತವೆ. ಕಾರ್ಡ್ ಮೇಜರ್ರೋ ಮೈನರ್ರೋ ಅನ್ನುವುದನ್ನು ಹೇಳುವ ಸ್ವರ ಹೆಬ್ಬೆರಳಲ್ಲಿ ಇರುತ್ತದೆ. ಅಂದರೆ ಎರಡೇ ಬೆರಳಿಗೆ ಬೇಸೂ ಬಂತು, ಕಾರ್ಡ್‌ನ ಬಣ್ಣವೂ ಬಂತು.

ಈಗ ನೀವೇ ಮಾಡಿ ನೋಡಿ. ನಾಲ್ಕು ಬಾರ್, ಕಾರ್ಡ್‌ಗಳು ಸಿ ಸಿಕ್ಸ್ತ್, ಎ ಸೆವೆಂತ್, ಡಿ ಮೈನರ್ ಸೆವೆಂತ್, ಜಿ ಸೆವೆಂತ್. ಮಧ್ಯ ಸಿಗಿಂತ ಎರಡು ಆಕ್ಟೇವ್ ಕೆಳಗಿನ ಸಿಯಿಂದ ಶುರು ಮಾಡಿ. ಪ್ರತಿ ಜೋಡಿಯಲ್ಲಿ ಮೊದಲ ಹೆಸರು ಕಿರುಬೆರಳು, ಎರಡನೆಯದು ಹೆಬ್ಬೆರಳು.

ಬಾರ್ 1: ಸಿ–ಇ, ಡಿ–ಎಫ್, ಇ ಫ್ಲ್ಯಾಟ್–ಜಿ ಫ್ಲ್ಯಾಟ್, ಇ–ಜಿ. ಬೀಟ್‌ಗೊಂದು ಜೋಡಿ.
ಬಾರ್ 2: ಸ್ಟ್ರೈಡ್. ಕೆಳಗೆ ಎ, ಮೇಲೆ ಜಿ–ಸಿ ಶಾರ್ಪ್–ಇ ಕಾರ್ಡ್, ಕೆಳಗೆ ಇ, ಮತ್ತೆ ಅದೇ ಕಾರ್ಡ್.
ಬಾರ್ 3: ಡಿ–ಎಫ್, ಇ–ಜಿ, ಎಫ್–ಎ, ಎಫ್ ಶಾರ್ಪ್–ಎ.
ಬಾರ್ 4: ಜಿ–ಬಿ ಟೆನ್ತ್, ಮೇಲೆ ಎಫ್–ಬಿ–ಡಿ ಕಾರ್ಡ್, ಕೆಳಗೆ ಡಿ, ಮತ್ತೆ ಕಾರ್ಡ್.

ಮೊದಲ ಬಾರ್‌ನಲ್ಲಿ ಕಾರ್ಡ್ ನಿಂತಲ್ಲೇ ನಿಂತಿದೆ, ಎಡಗೈ ಮಾತ್ರ ನಡೆಯುತ್ತಿದೆ. ಇ ಫ್ಲ್ಯಾಟ್ ಜೋಡಿ ಡಿಮಿನಿಶ್ಡ್ ಕಾರ್ಡ್‌ನ (ಮೂರು ಮೂರು ಅರ್ಧಸ್ವರಗಳ ಅಂತರದಲ್ಲಿ ಜೋಡಿಸಿದ ಕಾರ್ಡ್) ತುಣುಕು, ಡಿ ಮತ್ತು ಇ ನಡುವೆ ಸೇತುವೆ ಹಾಕಲು ಬಂದದ್ದು. ಮೂರನೇ ಬಾರ್‌ನ ಎಫ್ ಶಾರ್ಪ್‌ಗೂ ಅದೇ ಕೆಲಸ, ಜಿಗೆ ದಾರಿ ತೋರುವುದು. ಈಗ ಕಿರುಬೆರಳು ಬಿಟ್ಟು ಹೆಬ್ಬೆರಳಿನ ಸ್ವರಗಳನ್ನಷ್ಟೇ ನುಡಿಸಿ: ಇ, ಎಫ್, ಜಿ ಫ್ಲ್ಯಾಟ್, ಜಿ. ಅದು ಬೇಸ್‌ಗೂ ಧಾಟಿಗೂ ನಡುವೆ ಓಡುವ ಇನ್ನೊಂದು ಧಾಟಿ. ವಿಲ್ಸನ್ ಅವರ ಎಡಗೈ ತುಂಬಿಕೊಂಡಂತೆ ಕೇಳಿಸುವುದರ ಗುಟ್ಟು ಬಹುಪಾಲು ಈ ಹೆಬ್ಬೆರಳಲ್ಲಿದೆ. ರೆಕಾರ್ಡಿಂಗ್ ಕೇಳುವಾಗಲೂ ಬೇಸ್ ಹಿಡಿದ ಮೇಲೆ ಹುಡುಕಬೇಕಾದದ್ದು ಇದನ್ನೇ.

ಕೈ ಸಣ್ಣದಾದರೆ? ಬಹಳಷ್ಟು ಜನರಿಗೆ ಟೆನ್ತ್ ಎಟುಕುವುದಿಲ್ಲ. ಎಟುಕುವವರಿಗೂ ಎಲ್ಲ ಟೆನ್ತ್ ಒಂದೇ ಅಲ್ಲ. ಡಿ–ಎಫ್, ಇ–ಜಿ, ಎ–ಸಿ ಸ್ವಲ್ಪ ಸುಲಭ, ಏಕೆಂದರೆ ಅವು ಮೈನರ್, ಒಂದು ಕೀ ಕಡಿಮೆ ಚಾಚಬೇಕು. ಕಪ್ಪು ಕೀಯಿಂದ ಬಿಳಿ ಕೀಗೆ ಹೋಗುವ ಬಿ ಫ್ಲ್ಯಾಟ್–ಡಿ, ಇ ಫ್ಲ್ಯಾಟ್–ಜಿ ಥರದವು ಕಷ್ಟ. ಎಟುಕದಿದ್ದರೆ ಕೆಳಗಿನ ಸ್ವರವನ್ನು ಬೀಟ್‌ಗೆ ಒಂದು ಕೂದಲೆಳೆ ಮುಂಚೆ ಒತ್ತಿ, ಪೆಡಲ್‌ನಲ್ಲಿ ಹಿಡಿದು, ಬೀಟ್ ಮೇಲೆ ಹೆಬ್ಬೆರಳ ಸ್ವರ ನುಡಿಸಿ. ಕೈಯನ್ನು ಚಾಚಿ ಹಿಡಿಯುವ ಬದಲು ಮಣಿಕಟ್ಟು ತಿರುಗಿಸಿ ಅತ್ತಿಂದಿತ್ತ ಹೋಗಲಿ. ವೇಗ ಹೆಚ್ಚಾಗಿ ಇದೂ ಆಗದಿದ್ದರೆ ಬೇಸ್ ಒಂದನ್ನೇ ಎಡಗೈಯಲ್ಲಿಟ್ಟು ಹೆಬ್ಬೆರಳ ಸಾಲನ್ನು ಬಲಗೈಯ ಹೆಬ್ಬೆರಳಿಗೆ ಕೊಡಿ. ಕೇಳುವವರಿಗೆ ಯಾವ ಕೈ ಎನ್ನುವುದು ಗೊತ್ತಾಗುವುದಿಲ್ಲ. ನೋವು ಬಂದರೆ ಅಲ್ಲೇ ನಿಲ್ಲಿಸಿ, ಚಾಚುವ ಹಟದಲ್ಲಿ ಕೈ ಕೆಡಿಸಿಕೊಂಡವರು ಕಡಿಮೆ ಏನಿಲ್ಲ.

ಈಗ ರೆಕಾರ್ಡಿಂಗ್‌ಗೆ ಬನ್ನಿ. ಕಾಗದದ ಮೇಲೆ ಎಂಟು ಮನೆ ಎಳೆದು, ಪ್ರತಿ ಬಾರ್‌ಗೆ ಒಂದು ಗುರುತು ಹಾಕಿ: ಸ್ಟ್ರೈಡ್‌ಗೆ ಸ್ಟ, ಟೆನ್ತ್‌ಗೆ ಟೆ, ಎಡಗೈ ಸುಮ್ಮನಿದ್ದರೆ ಅಥವಾ ಒಂದೇ ಕಾರ್ಡ್ ಹಿಡಿದಿದ್ದರೆ ಖಾ. ಸ್ವರಗಳು ಇನ್ನೂ ತಿಳಿಯದಿದ್ದರೂ ಇದನ್ನು ಮಾಡಬಹುದು. ಮಾಡಿದ ಮೇಲೆ ಪ್ರಶ್ನೆ ಕೇಳಿ. ಬಗೆ ಬದಲಾದದ್ದು ಎಲ್ಲಿ? ಧಾಟಿಯ ಸಾಲು ಮುಗಿದಾಗಲೋ, ನಡುವೆಯೋ? ಬಲಗೈ ಜೋರಾಗಿ ಓಡುವಾಗ ಎಡಗೈ ಏನು ಮಾಡುತ್ತಿದೆ? ಧಾಟಿ ಒಂದೇ ಉದ್ದ ಸ್ವರದಲ್ಲಿ ನಿಂತಾಗ ಯಾರು ಮಾತಾಡುತ್ತಿದ್ದಾರೆ? ಸ್ವರಗಳನ್ನು ಬರೆದುಕೊಳ್ಳುವುದಕ್ಕಿಂತ ಈ ನಕ್ಷೆಯಿಂದ ನನಗೆ ಹೆಚ್ಚು ಸಿಕ್ಕಿದೆ. ಆಮೇಲೆ ಶೇಕಡ 50ರಿಂದ 75ರ ವೇಗದಲ್ಲಿ ಬೇಸ್ ಸ್ವರಗಳು, ಬಳಿಕ ಹೆಬ್ಬೆರಳು, ಕೊನೆಗೆ ಸ್ಟ್ರೈಡ್ ಕಾರ್ಡ್‌ನ ಒಳಸ್ವರಗಳು, ಈ ಕ್ರಮದಲ್ಲಿ ಬರೆದುಕೊಳ್ಳಿ. ಒಳಸ್ವರ ಒಂದೆರಡು ಸಿಗದಿದ್ದರೆ ಕಾರ್ಡ್‌ನ ಹೆಸರಿನಿಂದ ಊಹಿಸಿ ಮುಂದೆ ಹೋಗಿ.

ಹಂತ 4: ಬಲಗೈ

ಇಲ್ಲಿ ಹುಡುಕಬೇಕಾದದ್ದು ಎರಡು. ಮೊದಲನೆಯದು, ಮೂಲ ಧಾಟಿಯಲ್ಲಿ ಎಷ್ಟನ್ನು ಉಳಿಸಿಕೊಂಡಿದ್ದಾರೆ. ಲೀಡ್ ಶೀಟ್ ಪಕ್ಕದಲ್ಲಿಟ್ಟು, ವಿಲ್ಸನ್ ನುಡಿಸಿದ್ದರಲ್ಲಿ ಧಾಟಿಯ ಸ್ವರಗಳಿಗೆ ಸುತ್ತು ಹಾಕಿ. ಉಳಿದದ್ದೆಲ್ಲ ಅವರು ಸೇರಿಸಿದ್ದು. ಸೇರಿಸಿದ್ದು ಹೆಚ್ಚಾಗಿ ಧಾಟಿ ಉಸಿರು ತೆಗೆಯುವ ಜಾಗದಲ್ಲೇ ಬಿದ್ದಿದೆಯಾ ನೋಡಿ.

ಎರಡನೆಯದು, ಓಡುವ ಸಾಲುಗಳು ಎಲ್ಲಿಗೆ ಹೋಗಿ ಇಳಿಯುತ್ತವೆ. 1 ಮತ್ತು 3ನೇ ಬೀಟ್‌ನ ಸ್ವರಗಳಿಗೆ ಗೆರೆ ಎಳೆಯಿರಿ. ಹೊಸ ಕಾರ್ಡ್ ಬಂದಾಗ ಸಾಲು ಆ ಕಾರ್ಡ್‌ನ ಮೂರನೇ ಸ್ವರಕ್ಕೆ ಇಳಿದರೆ, ಕೆಳಗೆ ಕಾರ್ಡ್ ಇಲ್ಲದಿದ್ದರೂ ಕಾರ್ಡ್ ಬದಲಾದದ್ದು ಕಿವಿಗೆ ತಿಳಿಯುತ್ತದೆ. ಉದಾಹರಣೆಗೆ ಜಿ ಸೆವೆಂತ್‌ನಿಂದ ಸಿಗೆ ಬರುವಾಗ ಇ ಮೇಲೆ ಇಳಿಯಬೇಕು ಎಂದುಕೊಳ್ಳಿ. ಅದಕ್ಕೆ ಮುಂಚೆ ಮೇಲಿನಿಂದ ಎಫ್, ಕೆಳಗಿನಿಂದ ಡಿ ಶಾರ್ಪ್ ನುಡಿಸಿ, ಆಮೇಲೆ ಇ. ಗುರಿಯನ್ನು ಎರಡೂ ಕಡೆಯಿಂದ ಸುತ್ತುವರಿದು ಹಿಡಿಯುವ ಈ ಚಾಳಿ ಜಾಝ್‌ನಲ್ಲಿ ಎಲ್ಲೆಲ್ಲೂ ಇದೆ.

ಕೆಲವು ಕಡೆ ಒಂಟಿ ಸ್ವರದ ಸಾಲು ಬಿಟ್ಟು ಆಕ್ಟೇವ್‌ನಲ್ಲಿ ನುಡಿಸಿದ್ದೂ ಕೇಳಿಸುತ್ತದೆ. ಇದು ಅರ್ಲ್ ಹೈನ್ಸ್ ಕಡೆಯಿಂದ ಬಂದದ್ದು, ಟ್ರಂಪೆಟ್‌ನ ಹಾಗೆ ಎದ್ದು ಕೇಳಿಸಲಿ ಎಂದು. ಎಲ್ಲಿ ಬಳಸಿದ್ದಾರೆ ಎಂದು ಗುರುತು ಹಾಕಿಕೊಂಡರೆ ಸಾಕು.

ಹಂತ 5: ಲಯ ಮತ್ತು ಸ್ಪರ್ಶ

ಸ್ವರ ಎಲ್ಲ ಸರಿ ಇದ್ದೂ ಸಪ್ಪೆಯಾಗಿ ಕೇಳಿಸಿದರೆ ತಪ್ಪು ಇಲ್ಲಿರುತ್ತದೆ. ಸಮ ಅಂತರದಲ್ಲಿ ಟಿಕ್ ಅನ್ನುತ್ತಾ ಲಯ ತೋರಿಸುವ ಮೆಟ್ರೊನೋಮ್ ಅನ್ನು ಅರ್ಧ ವೇಗಕ್ಕೆ ಇಡಿ. ಹಾಡಿನ ವೇಗ 120 ಇದ್ದರೆ ಮೆಟ್ರೊನೋಮ್ 60ಕ್ಕೆ. ಆ ಟಿಕ್‌ಗಳನ್ನು 2 ಮತ್ತು 4ನೇ ಬೀಟ್ ಎಂದು ಎಣಿಸಿಕೊಳ್ಳಿ. ಶುರುವಿನಲ್ಲಿ ತಲೆ ತಿರುಗುತ್ತದೆ. ಅದು ಒಮ್ಮೆ ಕೈಗೆ ಕೂತರೆ ಸ್ವಿಂಗ್, ಅಂದರೆ ಉದ್ದ–ಗಿಡ್ಡ ಸ್ವರಗಳ ಜಾಝ್ ಕುಣಿತ, ಮೈಗೆ ಬರುತ್ತದೆ.

ನಂತರ ರೆಕಾರ್ಡಿಂಗ್ ಜೊತೆಗೇ ನುಡಿಸಿ, ಮೊದಲು ಎಡಗೈ ಒಂದೇ. ನಿಮ್ಮ ಪಿಯಾನೊ ಬೇರೆಯಾಗಿ ಕೇಳಿಸುತ್ತಿದ್ದರೆ ನೀವು ಮುಂದೆಯೋ ಹಿಂದೆಯೋ ಇದ್ದೀರಿ. ಎರಡೂ ಕರಗಿ ಒಂದಾದರೆ ಸರಿ. ವೇಗ ಹೆಚ್ಚಿದಷ್ಟೂ ಸ್ವಿಂಗ್‌ನ ಉದ್ದ–ಗಿಡ್ಡ ಸ್ವರಗಳು ಸಮಸಮಕ್ಕೆ ಹತ್ತಿರವಾಗುತ್ತವೆ ಎನ್ನುವುದು ನೆನಪಿರಲಿ. ನಿಧಾನಗತಿಯಲ್ಲಿ ಕಲಿತ ಕುಣಿತವನ್ನು ಹಾಗೇ ವೇಗಕ್ಕೆ ಒಯ್ದರೆ ಕುದುರೆ ಓಡಿದ ಹಾಗೆ ಟಕಟಕ ಅನ್ನುತ್ತದೆ.

ನಿಮ್ಮದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹೆಚ್ಚಿನವರಿಗೆ ಸಿಗುವ ಉತ್ತರ ಒಂದೇ: ಎಡಗೈ ಜೋರು, ಅದರಲ್ಲೂ 2 ಮತ್ತು 4ರ ಕಾರ್ಡ್‌ಗಳು ತೀರಾ ಜೋರು. ಅವನ್ನು ಗಿಡ್ಡವಾಗಿ, ಮೆತ್ತಗೆ ಮುಟ್ಟಿ ಬಿಡಿ.

ಹಂತ 6: ಮೂರು ತೀರ್ಮಾನಗಳನ್ನು ಕಿತ್ತುಕೊಳ್ಳಿ

ಎಂಟು ಬಾರ್ ಕೈಗೆ ಕೂತಿತು. ಇನ್ನೊಂದು ಎಂಟು ಬಾರ್ ಶುರು ಮಾಡುವ ಆಸೆ ಬರುತ್ತದೆ. ತಡೆಯಿರಿ. ಕಲಿತದ್ದರಿಂದ ಮೂರೇ ಮೂರು ತೀರ್ಮಾನಗಳನ್ನು ನಿಮ್ಮ ಮಾತಲ್ಲಿ ಬರೆಯಿರಿ. 'ಕಾರ್ಡ್ ಇಡೀ ಬಾರ್ ನಿಂತಾಗ ಟೆನ್ತ್‌ನಲ್ಲಿ ನಾಲ್ಕು ಮೆಟ್ಟಿಲು ಹತ್ತುವುದು.' 'ಬಲಗೈ ಓಡುವಾಗ ಎಡಗೈ ಸರಳ ಸ್ಟ್ರೈಡ್‌ಗೆ ಮರಳುವುದು.' 'ಉದ್ದ ಸ್ವರದ ಕೆಳಗೆ ಹೆಬ್ಬೆರಳು ಕ್ರೊಮ್ಯಾಟಿಕ್ ಆಗಿ (ಅರ್ಧರ್ಧ ಸ್ವರವಾಗಿ) ಸರಿಯುವುದು.' ಈ ರೀತಿ. ಇವು ನಾನು ಕೊಟ್ಟ ಮಾದರಿ, ನಿಮ್ಮ ನಕ್ಷೆಯಲ್ಲಿ ಸಿಕ್ಕದ್ದು ಬೇರೆಯೇ ಇರಬಹುದು.

ಪ್ರತಿಯೊಂದನ್ನೂ ಬೇರೆ ಕೀಗಳಿಗೆ ಒಯ್ಯಿರಿ. ಮೊದಲು ಎಫ್: ಎಫ್–ಎ, ಜಿ–ಬಿ ಫ್ಲ್ಯಾಟ್, ಎ ಫ್ಲ್ಯಾಟ್–ಬಿ, ಎ–ಸಿ. ಆಮೇಲೆ ಜಿ, ಬಿ ಫ್ಲ್ಯಾಟ್, ಇ ಫ್ಲ್ಯಾಟ್. ಹನ್ನೆರಡೂ ಕೀ ಎಂದು ಹಟ ಹಿಡಿಯುವ ಪುಸ್ತಕಗಳಿವೆ. ಈ ಬಗೆಯ ಹಾಡುಗಳು ಜಾಸ್ತಿ ಬರುವ ಐದು ಕೀಗಳಲ್ಲಿ ಗಟ್ಟಿಯಾದರೆ ಉಳಿದವು ಬೇಕಾದಾಗ ಬರುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಹಂತ 7: ಬೇರೆ ಹಾಡಿನ ಮೇಲೆ ಹಾಕಿ ನೋಡಿ

ವಿಲ್ಸನ್ ನುಡಿಸಿದ್ದನ್ನು ನೀವು ಕೇಳಿಯೇ ಇರದ ಒಂದು ಹಾಡು ಆರಿಸಿ, ಕಾರ್ಡ್‌ಗಳು ಸರಳವಾಗಿರಲಿ. ಮೊದಲ ಎಂಟು ಬಾರ್ ಧಾಟಿ ಮತ್ತು ಬರೀ ಸ್ಟ್ರೈಡ್. ಎರಡನೇ ಎಂಟರಲ್ಲಿ ಕಾರ್ಡ್ ನಿಲ್ಲುವ ಜಾಗಗಳಿಗೆ ಟೆನ್ತ್‌ಗಳನ್ನು ತನ್ನಿ. ಬ್ರಿಜ್‌ನಲ್ಲಿ ಎಡಗೈಗೆ ಬಿಡುವು ಕೊಟ್ಟು ಉದ್ದ ಕಾರ್ಡ್‌ಗಳನ್ನು ಹಿಡಿಯಿರಿ. ಕೊನೆಯ ಎಂಟರಲ್ಲಿ ಮಾತ್ರ ಬಲಗೈಯಲ್ಲಿ ಸಾಲುಗಳನ್ನು ಸೇರಿಸಿ. ಧಾಟಿ ಎಡಗೈಗೆ ಡಿಕ್ಕಿ ಹೊಡೆಯುತ್ತಿದ್ದರೆ ಅದನ್ನು ಒಂದು ಆಕ್ಟೇವ್ ಮೇಲೆತ್ತಿ. ಲಯ ಜಾರಿದರೆ ತಕ್ಷಣ ಬಲಗೈಯನ್ನು ಧಾಟಿಗೆ ಇಳಿಸಿ, ಎಡಗೈ ಯಾವ ಕಾರಣಕ್ಕೂ ನಿಲ್ಲಬಾರದು.

ಇದು ತೊಡಕಿಲ್ಲದೆ 32 ಬಾರ್ ಸಾಗಿದ ಮೇಲೆ ಮೂಲ ರೆಕಾರ್ಡಿಂಗ್‌ನ ಬ್ರಿಜ್‌ಗೆ ಮರಳಿ ಇದೇ ಹಂತಗಳನ್ನು ಹಾಯಿರಿ. ಎರಡನೇ ಬಾರಿಗೆ ಕಿವಿ ಬಹಳ ಚುರುಕಾಗಿರುತ್ತದೆ.

ಹಂತ 8: ಎರಡನೇ ವಾದಕರು

ಒಬ್ಬರನ್ನೇ ಹಿಡಿದು ಕೂತರೆ ಅವರ ಚಾಳಿಗಳೂ ಅಂಟುತ್ತವೆ. ವಿಲ್ಸನ್ ಅವರ ಒಂದೆರಡು ರೆಕಾರ್ಡಿಂಗ್ ಆದ ಮೇಲೆ, ಅದೇ ಲೆಕ್ಕವನ್ನು ಪೂರ್ತಿ ಬೇರೆ ರೀತಿಯಲ್ಲಿ ಬಿಡಿಸಿದವರನ್ನು ಕೇಳಿ. ಎರೊಲ್ ಗಾರ್ನರ್ ಎಡಗೈಯಲ್ಲಿ ಗಿಟಾರ್ ಮೀಟಿದ ಹಾಗೆ ಬೀಟ್‌ಗೊಂದು ಕಾರ್ಡ್ ಬಾರಿಸುತ್ತಾ, ಬಲಗೈಯನ್ನು ಬೇಕೆಂದೇ ಸ್ವಲ್ಪ ಹಿಂದೆ ಎಳೆಯುತ್ತಾರೆ. ಅವರು ನೊಟೇಷನ್ ಓದಲು ಕಲಿತೇ ಇರಲಿಲ್ಲ. ಡೇವ್ ಮೆಕೆನ್ನಾ ಎಡಗೈಯನ್ನು ನಡೆಯುವ ಒಂಟಿ ಬೇಸ್ ಸಾಲಾಗಿಸಿ, ಕಾರ್ಡ್‌ಗಳನ್ನು ನಡುವೆ ತೂರಿಸಿ, ಮೂರನೇ ಕೈ ಇದೆಯೇನೋ ಅನ್ನಿಸುತ್ತಾರೆ. ಟೆನ್ತ್ ಎಟುಕದವರಿಗೆ ಮೆಕೆನ್ನಾ ದಾರಿ ವರದಾನ. ಥೆಲೋನಿಯಸ್ ಮಂಕ್ 1950ರ ದಶಕದ ಕೊನೆಯಲ್ಲಿ ಮಾಡಿದ ಸೋಲೊ ರೆಕಾರ್ಡಿಂಗ್‌ಗಳಲ್ಲಿ ಸ್ಟ್ರೈಡ್ ಇದೆ, ಆದರೆ ಅರ್ಧದಷ್ಟು ಜಾಗ ಖಾಲಿ ಬಿಟ್ಟಿದ್ದಾರೆ.

ಇವರಲ್ಲಿ ಒಬ್ಬರ ಎಂಟು ಬಾರ್‌ಗೆ ಸ್ಟ, ಟೆ, ಖಾ ನಕ್ಷೆ ಹಾಕಿ. ಗಾರ್ನರ್ ಅವರಿಗೋ ಮೆಕೆನ್ನಾ ಅವರಿಗೋ ಈ ಮೂರು ಗುರುತು ಸಾಲದು, ಹೊಸ ಗುರುತು ಬೇಕಾಗುತ್ತದೆ. ಅದನ್ನು ನೀವೇ ಹುಟ್ಟಿಸಿಕೊಂಡು, ಹಂತ 7ರ ಹಾಡಿನ ಬ್ರಿಜ್‌ನಲ್ಲಿ ವಿಲ್ಸನ್ ಎಡಗೈಯ ಜಾಗಕ್ಕೆ ಇದನ್ನು ಕೂರಿಸಿ ನುಡಿಸಿ.